ಸತ್ಯವ್ವನ ಮೂಗು, ನಾಗಲಿಂಗನ ಮೀಟರ್

ಕುಳಗೇರಿ ಕ್ರಾಸಿನಲ್ಲಿ ಬಾದಾಮಿ ಕಡೆ ಹೊರಳಿದರೆ, ಚಹಾದ ಅಂಗಡಿ ದಾಟಿ ಮೂರನೆಯ ತಗಡಿನ ಅಂಗಡಿ ನಾಗಲಿಂಗನದು. ಹೊಲದ ಮೋಟರು ಸುಟ್ಟವರು ಅದನ್ನು ಟಂಟಂ ರಿಕ್ಷಾದಲ್ಲಿ ಹೇರಿಕೊಂಡು ಅಲ್ಲಿಗೆ ಬರುತ್ತಾರೆ. ಹೊರಗಿನ ಕಟ್ಟೆಯ ಮೇಲೆ ಕೂತು ಮೋಟರು ಪರೀಕ್ಷೆ ಮಾಡಿ, ಸುಟ್ಟಿದೆ, ಸುಟ್ಟಿಲ್ಲ ಎಂದು ತೀರ್ಪು ಹೇಳುವವನು ನಾಗಲಿಂಗ. ಒಳಗೆ ಪರದೆಯ ಹಿಂದೆ ಸುಟ್ಟ ತಂತಿ ಕಿತ್ತು ಹೊಸ ತಂತಿ ಸುತ್ತುವವಳು ಅವನ ಹೆಂಡತಿ ಸತ್ಯವ್ವ. ಬೋರ್ಡಿನ ಮೇಲೆ ಗಂಡನ ಹೆಸರಷ್ಟೇ ಇದೆ.

ಸತ್ಯವ್ವ ಹುನಗುಂದದ ಕಂಬಾರರ ಮಗಳು. ಅಪ್ಪನ ಕುಲುಮೆಗೆ ತಿದಿ ಒತ್ತುತ್ತ ಬೆಳೆದವಳು. ಕಬ್ಬಿಣ ಎಷ್ಟು ಕಾದಿದೆ ಎಂಬುದನ್ನು ಅಪ್ಪ ಅದರ ಬಣ್ಣ ನೋಡಿ ಹೇಳಿದರೆ, ಇವಳು ಬೆನ್ನು ಮಾಡಿ ಕೂತು ವಾಸನೆಯಿಂದ ಹೇಳುತ್ತಿದ್ದಳು. ಎರಡನೆಯ ಇಯತ್ತೆ ಮುಗಿದದ್ದೇ ಶಾಲೆ ಬಿಡಿಸಿ ಇಳಕಲ್ಲಿನ ಸೋದರತ್ತೆಯ ಮನೆಗೆ ಕಳಿಸಿದರು. ಅಲ್ಲಿ ಸೀರೆ ನೇಯುವವರಿಗೆ ಕಂಡಿಕೆಯ ಕೊಳವೆಗೆ ರೇಷ್ಮೆ ಎಳೆ ಸುತ್ತಿಕೊಡುವ ಕೆಲಸ. ಎಳೆ ಹರಿದರೆ ಆ ಸೋದರತ್ತೆ ಕಂಡಿಕೆಯಿಂದಲೇ ಬೆರಳಿನ ಗೆಣ್ಣಿಗೆ ಹೊಡೆಯುತ್ತಿದ್ದಳು. ಹತ್ತೊಂಬತ್ತಕ್ಕೆ ನಾಗಲಿಂಗನಿಗೆ ಕೊಟ್ಟರು. ಬಂದ ವರ್ಷವೇ, ಗಂಡ ತಾಮ್ರದ ತಂತಿ ಸುತ್ತುವುದನ್ನು ನೋಡುತ್ತ ನಿಂತವಳು, ರೇಷ್ಮೆ ಎಳೆ ಸುತ್ತಿದ ಕೈಗೆ ಇದೇನು ದೊಡ್ಡದಲ್ಲ ಎಂದುಬಿಟ್ಟಳು. ಹಾಗಾದರೆ ನೀನೇ ಸುತ್ತು ಎಂದು ಅವನು ಎದ್ದು ಹೋದ. ಅವತ್ತು ಎದ್ದವನು ಇಪ್ಪತ್ತಾರು ವರ್ಷವಾದರೂ ಮತ್ತೆ ಆ ತಂತಿ ಸುತ್ತುವ ಹಲಗೆಯ ಮುಂದೆ ಕೂತಿಲ್ಲ.

ಸುತ್ತು ಎಣಿಸಲು ಅವಳಿಗೆ ಪುಸ್ತಕ ಬೇಡ. ಎರಡು ಬಟ್ಟಲು, ಒಂದು ಹಿಡಿ ಹುಣಸೆ ಬೀಜ ಇದ್ದರೆ ಸಾಕು. ಹತ್ತು ಸುತ್ತಿಗೊಂದು ಬೀಜ ಈ ಬಟ್ಟಲಿನಿಂದ ಆ ಬಟ್ಟಲಿಗೆ. ಮಾತಾಡಿಸಿದರೂ ಲೆಕ್ಕ ತಪ್ಪುತ್ತಿರಲಿಲ್ಲ. ಮೋಟರಿನ ಮುಚ್ಚಳ ಬಿಚ್ಚಿದ ಕೂಡಲೇ ಮೊದಲು ಮೂಗು ಒಡ್ಡುವಳು. ವಾರ್ನಿಷ್ ಸುಟ್ಟಿದ್ದರೆ ಬೆಲ್ಲದ ಪಾಕ ತಳ ಹಿಡಿದು ಅದರ ಮೇಲೆ ಕೂದಲು ಸುಟ್ಟಂಥ ವಾಸನೆ. ಅದು ಬಂತೆಂದರೆ ಒಳಗೆ ತಂತಿ ಕಪ್ಪಾಗಿರುವುದು ಖಂಡಿತ.

ಆದರೆ ಅಂಗಡಿಯಲ್ಲಿ ತೀರ್ಪು ಮೂಗಿನದಲ್ಲ, ಮೀಟರಿನದು. ಕರಿಯ ಡಬ್ಬಿಯಂಥ ಹಳೆಯ ಮೀಟರು. ಮಗ್ಗುಲಲ್ಲಿ ತಿರುಗಿಸುವ ಹಿಡಿಕೆ, ತಲೆಯ ಮೇಲೆ ತಂತಿ ಸಿಕ್ಕಿಸುವ ಎರಡು ಹಿತ್ತಾಳೆಯ ಗುಬುಟು. ಒಂದು ತಂತಿಯನ್ನು ಮೋಟರಿನೊಳಗೆ ಸುತ್ತಿದ ತಂತಿಗೆ, ಇನ್ನೊಂದನ್ನು ಅದರ ಕಬ್ಬಿಣದ ಮೈಗೆ ಹಿಡಿದು ಹಿಡಿಕೆ ತಿರುಗಿಸಬೇಕು. ಒಳಗಿನ ತಂತಿಯ ಲೇಪ ಗಟ್ಟಿ ಇದ್ದರೆ ಮುಳ್ಳು ಕೊನೆಯವರೆಗೆ ಓಡುತ್ತದೆ. ಕರೆಂಟು ಮೈಗೆ ಸೋರುತ್ತಿದ್ದರೆ ಮುಳ್ಳು ಏಳುವುದೇ ಇಲ್ಲ. ನಾಗಲಿಂಗ ಅದನ್ನು ಚರ್ಮದ ಚೀಲದಲ್ಲಿಟ್ಟು, ಚೀಲವನ್ನು ಹೆಗಲಿಗೆ ಹಾಕಿಕೊಂಡು ತಿರುಗುತ್ತಿದ್ದ. ಹೆಂಡತಿ ಅದನ್ನು ಮುಟ್ಟಿದರೆ ಕೈ ತೊಳೆದು ಬಂದೆಯಾ ಎಂದು ಕೇಳುತ್ತಿದ್ದ.

ಹೋದ ವರ್ಷ ಮಹಾನವಮಿಯಲ್ಲಿ ಆಯುಧಪೂಜೆಯ ದಿನ ಇಬ್ಬರಿಗೂ ಜಗಳವಾಯಿತು. ಎಂದಿನಂತೆ ಸತ್ಯವ್ವ ತನ್ನ ಹಲಗೆ, ಸುತ್ತಿಗೆ, ಇಕ್ಕಳ ಎಲ್ಲಕ್ಕೂ ವಿಭೂತಿ ಬಳಿದು ಚೆಂಡು ಹೂವು ಇಟ್ಟಿದ್ದಳು. ಮೀಟರು ಮಾತ್ರ ಚೀಲದಲ್ಲಿತ್ತು. ಗಂಡ ನೋಡಿದವನೇ, ಅವಳ ಹಲಗೆಗೆ ಹಾರ, ಅನ್ನ ಹಾಕುವ ಮೀಟರಿಗೆ ಚಿಟಿಕೆ ಇಬತ್ತಿಯೂ ಇಲ್ಲ, ಅದಕ್ಕೇ ಗಿರಾಕಿ ಕಡಿಮೆಯಾಗಿದ್ದಾರೆ ಎಂದು ಚಹಾದಂಗಡಿಯವರೆಗೆ ಕೇಳುವಂತೆ ಒದರಿದ. ಸತ್ಯವ್ವ ಮೀಟರನ್ನು ಚೀಲದಿಂದ ಎಳೆದು, ವಿಭೂತಿಯನ್ನು ಒದ್ದೆ ಮಾಡಿ ಮೂರು ಬೆರಳು ಅಡ್ಡ ಬಳಿದಳು. ಎರಡು ಗುಬುಟಿನ ನಡುವೆ ಕುಂಕುಮ ಒತ್ತಿದಳು. ಕಾಯಿ ಒಡೆದು ನೀರನ್ನು ಚಿಮುಕಿಸುವ ಬದಲು ಬೊಗಸೆಯಿಂದ ಸುರಿದಳು. ಕೈ ಪೂಜೆಯದು, ಸಿಟ್ಟು ಗಂಡನ ಮೇಲಿನದು.

ಅಂದಿನಿಂದ ಪ್ರತಿ ಅಮಾವಾಸ್ಯೆ ಮೀಟರಿಗೆ ಅದೇ ಪೂಜೆ, ಅದೇ ಸಿಟ್ಟಿನಲ್ಲಿ. ಒಣಗಿದ ವಿಭೂತಿಯ ಮೇಲೆ ಹಸಿ ವಿಭೂತಿ, ಅದರ ಮೇಲೆ ಮತ್ತೆ ಕಾಯಿ ನೀರು. ದೇವರ ಬೂದಿ ಒರೆಸಬಾರದೆಂದು ನಾಗಲಿಂಗ ಹಿತ್ತಾಳೆಯ ತುದಿಯನ್ನಷ್ಟೇ ಉಗುರಿನಿಂದ ಕೆರೆದು ತಂತಿ ಸಿಕ್ಕಿಸುತ್ತಿದ್ದ. ಹೆಂಡತಿ ಕಡೆಗೂ ಬಗ್ಗಿದಳೆಂದು ಒಳಗೊಳಗೆ ಹಿಗ್ಗಿಯೂ ಇದ್ದ.

ಆಮೇಲೆ ಬಂದ ಮೋಟರುಗಳಲ್ಲಿ ಮೂಗಿಗೂ ಮೀಟರಿಗೂ ತಾಳ ತಪ್ಪಿತು. ಹೊರಗಿನಿಂದ ಗಂಡ ಸುಟ್ಟಿದೆ ಎಂದು ಕಳಿಸುವನು. ಒಳಗೆ ಸತ್ಯವ್ವ ಬಿಚ್ಚಿದರೆ ವಾಸನೆಯೇ ಇಲ್ಲ, ತಂತಿ ಹೊಸ ಬಳೆಯಂತೆ ಕೆಂಪಗೆ. ಮೊದಲನೆಯದಕ್ಕೇ ಅವಳು ಹೊರಗೆ ಬಂದು ಇದು ಸುಟ್ಟಿಲ್ಲ ಎಂದಳು. ಒಳಗೆ ನೀರು ಹೊಕ್ಕಿದೆಯೇನೋ ಎಂದು ಒಂದು ದಿನ ಬಲ್ಬು ಹಚ್ಚಿಟ್ಟು ಒಣಗಿಸಿ ನೋಡಿದ್ದಾಗಿದೆ, ಮುಳ್ಳು ಮೇಲೆ ಹೋಗುತ್ತಿಲ್ಲ ಎಂದ ಅವನು. ಎರಡನೆಯದಕ್ಕೂ ಹೇಳಿದಳು. ಗಿರಾಕಿಯ ಎದುರಿಗೇ ಅವನು, "ನಿನ್ನ ಮೂಗಿಗೆ ಮುಳ್ಳು ಐತೇನು? ಇದ್ರ ತೋರಸು" ಎಂದ. ಗಿರಾಕಿ ನಕ್ಕ. ಸತ್ಯವ್ವ ಒಳಗೆ ಹೋಗಿ ಕೆಂಪು ತಂತಿಯನ್ನು ಕತ್ತರಿಸಿ ಕಿತ್ತಳು. ಕೀಳುವಾಗ ಒಂದು ಹುಣಸೆ ಬೀಜ ತೆಗೆದು ಹಳೆಯ ಬಳೆ ಡಬ್ಬಿಗೆ ಹಾಕಿದಳು. ಹೀಗೆ ಒಂದು ವರ್ಷಕ್ಕೆ ಡಬ್ಬಿಯಲ್ಲಿ ಐದು ಬೀಜ ಬಿದ್ದವು. ಯಾವ ಬೀಜ ಯಾರ ಮೋಟರಿನದು ಎಂದು ಕೇಳಿದರೆ ಈಗಲೂ ಹೇಳುತ್ತಾಳೆ.

ಆರನೆಯ ಬೀಜ ಬೀಳಬೇಕಾಗಿದ್ದದ್ದು ಹುಲ್ಲಪ್ಪನ ಮೋಟರಿನದು. ಹುಲ್ಲಪ್ಪ ಹೊಳೆ ದಂಡೆಯ ಹಳ್ಳಿಯವನು, ಬೀರಪ್ಪ ದೇವರ ಒಕ್ಕಲು. ಹೆಗಲ ಮೇಲೆ ಕಂಬಳಿ, ಹಣೆಯ ಮೇಲೆ ಭಂಡಾರ. ಅರ್ಧ ದಿನ ಕುರಿಯ ಹಿಂದೆ, ಅರ್ಧ ದಿನ ಕಬ್ಬಿನ ಹಿಂದೆ ಇರುವ ಮನುಷ್ಯ. ನಾಗಲಿಂಗ ಹಿಡಿಕೆ ತಿರುಗಿಸಿ ಸುಟ್ಟಿದೆ ಎಂದಾಗ ಅವನು, ಅಣ್ಣನನ್ನು ಕೇಳಿ ಹೇಳುತ್ತೇನೆ ಎಂದು ಮೋಟರನ್ನು ವಾಪಸು ಹೇರಿಕೊಂಡು ಹೋದ. ಹೋದವನು ಬಾದಾಮಿಯಲ್ಲಿ ಇಳಿಸಿದ. ಅಲ್ಲಿಯ ಮಿಸ್ತ್ರಿ ಎರಡೆರಡು ಮೀಟರು ಹಚ್ಚಿ ನೋಡಿ, ಮೋಟರಿಗೆ ಏನೂ ಆಗಿಲ್ಲ, ಸ್ಟಾರ್ಟರಿನ ಒಂದು ತಂತಿ ಸಡಿಲಾಗಿದೆ ಎಂದು ಬಿಗಿ ಮಾಡಿ ಕೊಟ್ಟ. ಮೋಟರು ಎರಡು ದಿನ ಹೊಳೆಯ ನೀರು ಎತ್ತಿತು.

ಮೂರನೆಯ ದಿನ ಹುಲ್ಲಪ್ಪ ಅದೇ ಮೋಟರನ್ನು ಟಂಟಂನಲ್ಲಿ ಹಾಕಿಕೊಂಡು, ತನ್ನೂರಿನ ಇಬ್ಬರು ಹಿರಿಯರನ್ನು ಕೂರಿಸಿಕೊಂಡು ಕ್ರಾಸಿಗೆ ಬಂದ. ಬಸ್ಸಿಗೆ ನಿಂತ ಜನರೆಲ್ಲ ಅತ್ತ ತಿರುಗಿದರು. ಸುಡದ ಮೋಟರು ಬಿಚ್ಚಿ ತಾಮ್ರ ತಿನ್ನುವವರು ಇವರು ಎಂದು ಅವನು ಕೂಗಲಿಲ್ಲ, ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳಿದ. ಕೂಗಿದ್ದರೆ ಒಳ್ಳೆಯದಿತ್ತು ಎನ್ನಿಸಿತು ಸತ್ಯವ್ವನಿಗೆ. ಕೊನೆಗೆ ಕಟ್ಟೆಯ ಹತ್ತಿರ ಬಂದು ಸೊಂಟದ ಸಣ್ಣ ಚೀಲ ಬಿಚ್ಚಿ, ಬೀರಪ್ಪನ ಭಂಡಾರವನ್ನು, ಆ ಅರಿಷಿಣದ ಪುಡಿಯನ್ನು, ಎಲೆಯ ಮೇಲೆ ಸುರಿದ.

"ನಾಗ್ಯಾ, ಭಂಡಾರ ಮುಟ್ಟು. ನಿನ್ನ ಮೀಟರ್ ಖರೇ ಹೇಳತೈತಿ ಅಂತ ಹೇಳು. ನಾ ಈ ಮೋಟರ್ ಇಲ್ಲೇ ಬಿಟ್ಟು ನಿನ್ನ ಕಾಲು ಮುಟ್ಟಿ ಹೋಗ್ತೇನಿ."

ನಾಗಲಿಂಗನ ಕೈ ಮುಂದೆ ಹೋಯಿತು. ಭಂಡಾರದಿಂದ ನಾಲ್ಕು ಬೆರಳು ದೂರದಲ್ಲಿ ನಿಂತಿತು. ಹಿಂದೆ ಬಂದು ಮೊಣಕಾಲ ಮೇಲೆ ಕೂತಿತು. ಮೀಟರು ಹಳೆಯದಾಗಿದೆ, ಹೊಸದು ತರುವವನಿದ್ದೇನೆ, ಹಳೆಯದರ ಮೇಲೆ ಆಣೆ ಯಾಕೆ ಎಂದ. ಪರದೆ ಸರಿಸಿ ನಿಂತಿದ್ದ ಸತ್ಯವ್ವ ಆ ಕೈಯನ್ನೇ ನೋಡಿದಳು.

ಹಿರಿಯರು ಮಾತು ಮುಗಿಸಿದರು. ಅಮಾವಾಸ್ಯೆಯೊಳಗೆ ಇದೇ ಮೀಟರನ್ನು ತಿಳಿದವರ ಹತ್ತಿರ ಪರೀಕ್ಷೆ ಮಾಡಿಸಿ ಕಾಗದ ತರಬೇಕು. ತರದಿದ್ದರೆ ತಮ್ಮೂರು, ಮಗ್ಗುಲ ಎರಡೂರು, ಒಂದು ಮೋಟರೂ ಇಲ್ಲಿಗೆ ಬರುವುದಿಲ್ಲ. ಅಂಗಡಿ ನಿಂತದ್ದೇ ಆ ಮೂರೂರಿನ ಮೇಲೆ.

ಆ ಸಂಜೆ ಗಂಡ ಹೆಂಡತಿ ಒಂದೇ ಮಾತನ್ನು ಹಿಡಿದು ಜಗ್ಗಾಡಿದರು. ನಾಗಲಿಂಗ, ಹೊಸ ಮೀಟರು ತರೋಣ, ಅಂಕಿ ಬೆಳಗುವ ನಮೂನೆಯದು, ಹಳೆಯದನ್ನು ಗುಜರಿಗೆ ಹಾಕೋಣ, ಹಳೆಯದೇ ಇಲ್ಲದ ಮೇಲೆ ಯಾರು ಏನು ಪರೀಕ್ಷೆ ಮಾಡುತ್ತಾರೆ ಎಂದ. ಸತ್ಯವ್ವ, ಮೊದಲು ಇದನ್ನೇ ಪರೀಕ್ಷೆ ಮಾಡಿಸಬೇಕು, ತಪ್ಪಿದ್ದರೆ ತಿದ್ದಿಸಬೇಕು, ಹೊಸದರ ಮಾತು ಆಮೇಲೆ ಎಂದಳು. ಹಾಗೆ ಮಾಡಿದರೆ, ಬಂದಾಗ ಮೀಟರು ಎಷ್ಟು ತಪ್ಪು ತೋರಿಸುತ್ತಿತ್ತು ಎಂಬುದನ್ನೂ ಕಾಗದದಲ್ಲಿ ಬರೆಯುತ್ತಾರೆ ಎಂಬುದು ನಾಗಲಿಂಗನಿಗೆ ಗೊತ್ತಿತ್ತು. ಅದನ್ನೇ ಹೇಳಿದ.

"ಆ ಕಾಗದ ಕೊರಳಿಗೆ ಕಟ್ಟಿಕೊಂಡು ಸಂತ್ಯಾಗ ಅಡ್ಡಾಡಾಕಿ ಏನ್ ನೀನು?"

"ಕಟ್ಟಿಕೋತೇನ್ರಿ. ನಿಮ್ಮ ಮುಳ್ಳು ಸುಳ್ಳು, ನನ್ನ ಮೂಗು ಖರೇ ಅಂತ ಅದರಾಗ ಬಂದ್ರ, ದಿನಾ ಕಟ್ಟಿಕೋತೇನಿ."

ಅವಳ ಮನಸ್ಸಿನಲ್ಲಿದ್ದದ್ದು ಅದೇ. ಮೂರು ಊರು ಉಳಿಯಬೇಕು, ಅದು ಖರೆ. ಆದರೆ ಅದಕ್ಕಿಂತ ಮೇಲೆ, ಗಿರಾಕಿಯ ಎದುರು ನಗಿಸಿಕೊಂಡ ಮೂಗಿಗೆ ಒಂದು ಕಾಗದ ಬೇಕಾಗಿತ್ತು.

ಮರುದಿನ ಬೆಳಿಗ್ಗೆ ನಾಗಲಿಂಗ ಒಂದು ಹೊಲಕ್ಕೆ ಮೋಟರು ಕೂರಿಸಲು ಹೋದ. ಹಳೆಯ ಮೀಟರಿನ ಮೇಲೆ ಇನ್ನು ಯಾವ ಮೋಹವೂ ಇಲ್ಲದವನಂತೆ ಅದನ್ನು ಮೊಳೆಗೆ ತೂಗುಹಾಕಿ ಹೋಗಿದ್ದ. ಸತ್ಯವ್ವ ರೊಟ್ಟಿ ಬುಟ್ಟಿ ಮುಚ್ಚಿಟ್ಟು, ಮೀಟರನ್ನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಕೈಚೀಲಕ್ಕೆ ಹಾಕಿಕೊಂಡು ಬಾಗಲಕೋಟೆಯ ಬಸ್ಸು ಹತ್ತಿದಳು. ಚರ್ಮದ ಚೀಲದ ಒಳಮುಚ್ಚಳಕ್ಕೆ ಹಳೆಯ ಚೀಟಿಯೊಂದು ಅಂಟಿತ್ತು. ಜಾಫರಸಾಬ, ವಿದ್ಯಾಗಿರಿ ಎಂದು ಅಕ್ಷರ ಕೂಡಿಸಿ ಓದಿದ್ದಳು. ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಬೇಕೆಂದು ಕೆಳಗೆ ಬರೆದಿತ್ತು. ಚೀಟಿಯ ಮೇಲಿನ ತಾರೀಖಿಗೆ ಹನ್ನೊಂದು ವರ್ಷ ಆಗಿತ್ತು.

ವಿದ್ಯಾಗಿರಿಯಲ್ಲಿ ಕಾಲೇಜು ಹುಡುಗರ ಝೆರಾಕ್ಸ್ ಅಂಗಡಿಗಳ ನಡುವೆ ಒಂದು ಮನೆಯ ಮುಂದಿನ ಖೋಲಿ ಜಾಫರಸಾಬರದು. ಬಿಳಿ ಗಡ್ಡದ, ನಗು ಕಡಿಮೆ ಇರುವ ಮನುಷ್ಯ. ಮೀಟರನ್ನು ಸೀರೆ ತುಂಡಿನಿಂದ ಬಿಚ್ಚಿ ಮೇಜಿನ ಮೇಲಿಟ್ಟುಕೊಂಡು, ಯಾವುದಕ್ಕೂ ಜೋಡಿಸದೆ, ತಂತಿಗಳೆರಡನ್ನೂ ದೂರ ದೂರ ಬಿಟ್ಟು ಹಿಡಿಕೆ ತಿರುಗಿಸಿದರು. ಮುಳ್ಳು ಎದ್ದು ಸ್ವಲ್ಪ ದೂರ ಹೋಗಿ ಅಲ್ಲೇ ನಡುಗುತ್ತ ನಿಂತಿತು. ಏನೂ ಮುಟ್ಟಿಸದಿದ್ದಾಗ ಇದು ಕೊನೆಯವರೆಗೆ ಓಡಬೇಕು ಎಂದರು. ಆ ಅಂಕಿಯನ್ನು ಕಾಗದದ ಮೊದಲ ಸಾಲಿನಲ್ಲಿ ಬರೆದರು. ಸತ್ಯವ್ವನ ಎದೆ ಅರಳಿತು. ಮೀಟರು ಸುಳ್ಳು. ಮೂಗು ಖರೆ. ಬಸ್ಸಿನ ಹೊತ್ತು ಎಷ್ಟಕ್ಕೆ ಎಂದು ಯೋಚಿಸತೊಡಗಿದಳು.

ಜಾಫರಸಾಬರು ಕನ್ನಡಕ ಏರಿಸಿ ಮೀಟರಿನ ತಲೆಯನ್ನು ಬೆಳಕಿಗೆ ಹಿಡಿದರು. ಉಗುರಿನಿಂದ ಗುಬುಟುಗಳ ನಡುವೆ ಕೆರೆದರು. ಬಿಳಿ ಹಾಳೆಯ ಮೇಲೆ ಬೂದಿ ಉದುರಿತು, ಕೆಂಪು ಉದುರಿತು, ಒಂದು ಅಕ್ಷತೆಯ ಕಾಳೂ ಉದುರಿತು. ಕೆಳಗಿನ ಪದರ ಬೆಲ್ಲದಂತೆ ಅಂಟಾಗಿತ್ತು.

"ಇದರ ಮ್ಯಾಲ ಏನ್ ಸುರದೀರಿ, ಅಕ್ಕಾರ?"

ಪೂಜೆ ಮಾಡುತ್ತೇವೆ ಎಂದಳು. ಎಷ್ಟು ದಿನದಿಂದ ಎಂದರು. ಹೋದ ಮಹಾನವಮಿಯಿಂದ ಎಂದಳು. ಕಾಯಿ ನೀರೂ ಹಾಕುತ್ತೀರಾ ಎಂದರು. ಬೊಗಸೆಯಿಂದ ಎಂದು ಅವಳು ಹೇಳಲಿಲ್ಲ, ಹಾಕುತ್ತೇವೆ ಎಂದಳು. ಅವರು ಸ್ಪಿರಿಟ್ಟಿನಲ್ಲಿ ಹತ್ತಿ ಅದ್ದಿ ಮೂರು ಸಲ ಒರೆಸಿ, ಬಿಸಿ ಗಾಳಿ ಹಿಡಿದು ಒಣಗಿಸಿ, ಮತ್ತೆ ಹಿಡಿಕೆ ತಿರುಗಿಸಿದರು. ಮುಳ್ಳು ಎಲ್ಲೂ ನಿಲ್ಲದೆ ಕೊನೆಗೆ ಹೋಗಿ ಕೂತಿತು. ಪೆಟ್ಟಿಗೆಯೊಂದರಿಂದ ಅಳತೆ ಗೊತ್ತಿದ್ದ ತುಂಡುಗಳನ್ನು ಒಂದೊಂದಾಗಿ ಹಚ್ಚಿ ನೋಡಿದರು. ಎಲ್ಲಕ್ಕೂ ಸರಿಯಾಗಿ ಹೇಳಿತು. ಕಾಯಿ ನೀರಿನಲ್ಲಿ ಉಪ್ಪು ಇರುತ್ತದೆ, ಈ ಪದರ ಹಸಿ ಹಿಡಿಯುತ್ತದೆ, ಕರೆಂಟು ಮೋಟರಿಗೆ ಹೋಗುವ ಬದಲು ಈ ಗುಬುಟಿನಿಂದ ಆ ಗುಬುಟಿಗೆ ಬೂದಿಯ ಮೇಲೆಯೇ ದಾಟುತ್ತಿತ್ತು ಎಂದು ತಿಳಿಸಿ ಹೇಳಿದರು. ತಿದ್ದುವಂಥದ್ದು ಒಳಗೆ ಏನೂ ಇಲ್ಲ.

ಹಾಗಾದರೆ ಹೊಸದು ಬೇಡವೇ ಎಂದು ಕೇಳಿದಳು.

"ಹೊಸಾದು ತಗೊಂಡು ಅದಕ್ಕೂ ಇಬತ್ತಿ ಹಚ್ಚಿದ್ರ ಅದೂ ಹಿಂಗ ಹೇಳತೈತಿ. ಮತ್ತ ಒಂದು ಮಾತ ಕೇಳ್ರಿ. ಹಿಡಿಕಿ ತಿರುವಾವ್ರು ಯಾರು? ಬರೇ ತಂತಿ ಬಿಟ್ಟು ತಿರುವಿದ್ರ ಮುಳ್ಳು ನಡುವ ನಿಲ್ಲತೈತಿ ಅಂತ ಅವರಿಗೆ ಕಾಣಲಿಲ್ಲೇನು? ದಿನಾ ಮುಂಜಾನೆ ಮೊದಲ ನೋಡೋದ ಅದನ್ನ."

ಸತ್ಯವ್ವನಿಗೆ ಎರಡು ಕೈ ಕಂಡವು. ಬೊಗಸೆಯಲ್ಲಿ ಕಾಯಿ ನೀರು ಸುರಿಯುವ ತನ್ನ ಕೈ. ಭಂಡಾರದಿಂದ ನಾಲ್ಕು ಬೆರಳು ದೂರ ನಿಂತ ಗಂಡನ ಕೈ.

ಆಗ ಅವಳು, ಬೆಳಿಗ್ಗೆ ಮನೆ ಬಿಡುವಾಗ ಕನಸಿನಲ್ಲೂ ಎಣಿಸದ ಮಾತನ್ನು ಕೇಳಿದಳು. ಎರಡನೆಯ ಸಾಲು ಮಾತ್ರ ಬರೆದು ಕೊಡಲಾಗುತ್ತದೆಯೇ? ಮೀಟರು ಸರಿ ಇದೆ, ಅಷ್ಟೇ? ಜಾಫರಸಾಬರು ಪೆನ್ನಿನ ಮುಚ್ಚಳ ಹಾಕಿದರು. ಬಂದಾಗ ಇದ್ದದ್ದು, ಹೋಗುವಾಗ ಇದ್ದದ್ದು, ಎರಡೂ ಸಾಲು ಇದ್ದರೆ ಕಾಗದ, ಇಲ್ಲದಿದ್ದರೆ ಬರಿಗೈ ಎಂದರು. ಅವಳು ಬೆಂಚಿನ ಮೇಲೆ ಬಹಳ ಹೊತ್ತು ಕೂತಳು. ಹೊರಗೆ ಎರಡು ಬಸ್ಸು ಹೋದವು. ಆಮೇಲೆ ಎದ್ದು, ಎರಡೂ ಬರೀರಿ ಎಂದಳು.

ಕೆರೂರು ದಾಟುವವರೆಗೆ ಅವಳಿಗೆ ನಾಚಿಕೆ ಇತ್ತು. ಅಲ್ಲಿಂದ ಮುಂದೆ ಸಿಟ್ಟು ಬಂತು. ಬೂದಿ ತನ್ನದು, ಒಪ್ಪಬೇಕು. ಆದರೆ ಮುಳ್ಳು ನಡುವೆ ನಿಲ್ಲುವುದನ್ನು ಒಂದು ವರ್ಷ ನೋಡಿದವನು ಬಾಯಿ ಬಿಡಲಿಲ್ಲ. ಅವಳ ಮೂಗು ಖರೆ ಹೇಳಿದಾಗ ಅದನ್ನೇ ನಗೆ ಮಾಡಿದ. ಕ್ರಾಸಿನಲ್ಲಿ ಇಳಿದವಳು ಮನೆಗೆ ಹೋಗದೆ ಸೀದಾ ಅಂಗಡಿಗೆ ಬಂದು ಕೇಳಿದಳು.

"ಮುಳ್ಳು ತುದಿಗೆ ಹೋಗದ್ದು ಯಾವಾಗಿಂದ ಗೊತ್ತಿತ್ರಿ ನಿಮಗ?"

ನಾಗಲಿಂಗ ಮೊದಲು, ಕೇಳದೆ ಮೀಟರು ಒಯ್ದಳೆಂದು ಬೈದ. ಅವಳು ಅದೇ ಪ್ರಶ್ನೆಯನ್ನು ಮತ್ತೆ ಕೇಳಿದಳು. ಮೀಟರಿಗೆ ವಯಸ್ಸಾಗಿದೆ, ಮುಳ್ಳು ದಣಿದಿದೆ ಅಂದುಕೊಂಡಿದ್ದೆ, ನಾನೇ ಮನಸ್ಸಿನಲ್ಲಿ ಒಂದಿಷ್ಟು ಕೂಡಿಸಿಕೊಂಡು ಹೇಳುತ್ತಿದ್ದೆ ಎಂದ. ಕಾಗದ ಓದಿದ ಮೇಲೆ ಅವನ ಮುಖ ಬದಲಾಯಿತು. ಬೂದಿ ಹಚ್ಚಿದವಳು ಯಾರು, ನೀನೇ ನನ್ನ ಹೆಸರಿಗೆ ಬೂದಿ ಹಚ್ಚಿದೆ ಎಂದು ಎದ್ದು ನಿಂತ. ಒರೆಸದವರು ಯಾರು ಎಂದಳು ಅವಳು. ಅಮಾವಾಸ್ಯೆಗೆ ಇನ್ನೂ ಮೂರು ದಿನವಿತ್ತು. ಮೂರು ದಿನವೂ ಇಬ್ಬರೂ ಬೇರೆ ಬೇರೆ ಹೊತ್ತಿಗೆ ಉಂಡರು.

ಅಮಾವಾಸ್ಯೆಯ ಮುಂಜಾನೆ ಹುಲ್ಲಪ್ಪ ಬಂದ. ಅದೇ ಇಬ್ಬರು ಹಿರಿಯರು, ಅದೇ ಸಣ್ಣ ಚೀಲ, ಕಟ್ಟೆಯ ಮೇಲೆ ಮತ್ತೆ ಎಲೆ ಹಾಸಿ ಭಂಡಾರ. ನಾಗಲಿಂಗ ಕಾಗದವನ್ನು ಮುಂದೆ ಮಾಡಿ, ಮೀಟರು ಸರಿ ಇದೆ ಎಂದು ಬಂದಿದೆ ಎಂದು ಎರಡನೆಯ ಸಾಲಿನ ಮೇಲೆ ಬೆರಳಿಟ್ಟ. ಮೇಲಿನ ಸಾಲು ಏನು ಎಂದು ಹುಲ್ಲಪ್ಪ ಕೇಳಿದ. ನಾಗಲಿಂಗ ಬೆರಳು ತೆಗೆಯಲಿಲ್ಲ. ಆಗ ಪರದೆ ಸರಿಯಿತು. ಸತ್ಯವ್ವ ಕಟ್ಟೆಗೆ ಬಂದು, ಯಾರೂ ಕೇಳದೆ, ಎಲೆಯ ಮೇಲಿನ ಭಂಡಾರದಲ್ಲಿ ಅಂಗೈ ಊರಿದಳು.

"ಮೀಟರಿಗೆ ಇಬತ್ತಿ ಹಚ್ಚಿ ಕೆಡಿಸಿದ ಕೈ ನಂದು. ಇದ ಕೈ. ಮುಳ್ಳು ತುದಿಗೆ ಹೋಗದ್ದನ್ನ ನೋಡಿ ಸುಮ್ಮನಿದ್ದ ಕಣ್ಣು ಇವರವು. ಸುಡಲಾರದ ಮೋಟರ್ ಐದು ಬಿಚ್ಚೇನಿ. ತಾಮ್ರ ತಿನ್ನಾಕ ಅಲ್ಲ, ನನ್ನ ಮೂಗು ಬ್ಯಾಡ ಅಂದ್ರೂ ಮೀಟರ್ ಮಾತ ಕೇಳಿ. ಯಾರ್ ಯಾರವು ಅಂತ ಹೇಳ್ತೇನಿ, ಕೇಳ್ರಿ."

ಐದೂ ಹೆಸರು ಹೇಳಿದಳು. ಅದರಲ್ಲಿ ಒಂದು, ಅಲ್ಲಿ ಕೂತಿದ್ದ ಹಿರಿಯನ ತಮ್ಮನದೇ ಆಗಿತ್ತು. ನಾಗಲಿಂಗ ರಸ್ತೆಯ ಕಡೆ ಮುಖ ಮಾಡಿ ಕೂತ. ಹುಲ್ಲಪ್ಪ ಒಮ್ಮೆ ಗಂಡನನ್ನು, ಒಮ್ಮೆ ಹೆಂಡತಿಯನ್ನು, ಒಮ್ಮೆ ಅರಿಷಿಣವಾದ ಆ ಅಂಗೈಯನ್ನು ನೋಡಿದ.

"ಕಳ್ಳರಾಗಿದ್ರ ಹಿಡದು ಬಡೀತಿದ್ವಿ. ನಿಮ್ಮಂಥಾವರ್ನ ಏನ್ ಮಾಡೋದವಾ?"

ಹಿರಿಯರು ಕ್ಷಮಿಸಿದೆವು ಎಂದು ಹೇಳಲಿಲ್ಲ. ಆ ಐದು ಮೋಟರು ಮುಂದೆ ಯಾವಾಗ ನಿಜವಾಗಿ ಸುಟ್ಟರೂ ಪುಕ್ಕಟೆ ಸುತ್ತಿಕೊಡಬೇಕು ಎಂದರು. ಮೂರೂರಿನ ಮೋಟರು ಸದ್ಯಕ್ಕೆ ಬಾದಾಮಿಗೆ ಹೋಗುತ್ತವೆ, ಒಂದನ್ನು ಮಾತ್ರ ಇಲ್ಲಿಗೆ ಕಳಿಸುತ್ತೇವೆ, ಅದಕ್ಕೇನಾಗಿದೆ ಎಂದು ಹೇಳುವುದಿಲ್ಲ, ನೀವೇ ಹೇಳಬೇಕು ಎಂದರು. ಎದ್ದು ಹೋಗುವಾಗ ಹುಲ್ಲಪ್ಪ ಎಲೆಯ ಮೇಲಿನ ಭಂಡಾರವನ್ನು ಚೀಲಕ್ಕೆ ತುಂಬಿಕೊಂಡ. ಸತ್ಯವ್ವನ ಕೈಗೆ ಹತ್ತಿದ್ದನ್ನು ಹಣೆಗೆ ಹಚ್ಚಿಕೋ ಎಂದಷ್ಟೇ ಹೇಳಿದ.

ಆ ಅಮಾವಾಸ್ಯೆಯ ಸಂಜೆ ಸತ್ಯವ್ವ ಹಲಗೆ, ಸುತ್ತಿಗೆ, ಇಕ್ಕಳಕ್ಕೆ ವಿಭೂತಿ ಹಚ್ಚಿದಳು. ಕಾಯಿ ನೀರನ್ನು ಹೊಸ್ತಿಲ ಮೇಲೆ ಹಾಕಿದಳು. ಮೀಟರು ಪ್ಲಾಸ್ಟಿಕ್ ಚೀಲದಲ್ಲಿ ಬಾಯಿ ಕಟ್ಟಿಸಿಕೊಂಡು, ಅವಳ ಕೈಗೆ ಎಟುಕದಷ್ಟು ಎತ್ತರದ ಮೊಳೆಗೆ ತೂಗುತ್ತಿತ್ತು. ಎಟುಕಬಾರದೆಂದೇ ನಾಗಲಿಂಗ ಆ ಮೊಳೆ ಹೊಡೆದಿದ್ದ.

ಎಂಟು ದಿನವಾದ ಮೇಲೆ, ಹಿರಿಯರು ಹೇಳಿದ ಆ ಒಂದು ಮೋಟರು ಬಂತು. ತಂದವನು ಇಳಿಸಿ ಬಾಯಿ ಮುಚ್ಚಿಕೊಂಡು ಕೂತ. ನಾಗಲಿಂಗ ಮೀಟರು ಇಳಿಸಿಕೊಂಡು, ತಂತಿ ಎರಡನ್ನೂ ದೂರ ಬಿಟ್ಟು ಹಿಡಿಕೆ ತಿರುಗಿಸಿದ. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಮೀಟರಿನ ಮುಖವನ್ನು ಪರದೆಯ ಕಡೆ ಹೊರಳಿಸಿದ.

"ನೋಡು. ಆಮ್ಯಾಲ ಕಂಡಿಲ್ಲ ಅನ್ನಬ್ಯಾಡ."

ಮುಳ್ಳು ಕೊನೆಯಲ್ಲಿತ್ತು. ಕಂಡಿತು ಎಂದಳು. ಮೋಟರಿಗೆ ಹಚ್ಚಿದಾಗ ಮುಳ್ಳು ಏಳಲಿಲ್ಲ. ಸುಟ್ಟಿದೆ ಎನ್ನಲು ಅವನ ಬಾಯಿ ತೆರೆಯಿತು. ತೆರೆದದ್ದನ್ನು ಹಾಗೇ ಮುಚ್ಚಿ, ಮುಚ್ಚಳ ಬಿಚ್ಚಿ, ಮೋಟರನ್ನು ಕಾಲಿನಿಂದ ಅವಳ ಕಡೆ ಸರಿಸಿದ. ಸತ್ಯವ್ವ ಬಗ್ಗಿ ಮೂಗು ಒಡ್ಡಿದಳು. ಪಾಕದ ವಾಸನೆ ಇಲ್ಲ, ಕೂದಲ ವಾಸನೆ ಇಲ್ಲ. ಹೊಳೆಯ ಕೆಸರಿನ ವಾಸನೆ. ಸುಟ್ಟಿಲ್ಲ, ಹೊಳೆಗೆ ಬಿದ್ದು ನೀರು ಕುಡಿದಿದೆ ಎಂದಳು. ಅವನು ದೊಡ್ಡ ಬಲ್ಬು ತಂದು ಮೋಟರಿನ ಹೊಟ್ಟೆಯೊಳಗೆ ಇಳಿಬಿಟ್ಟು ಗೋಣಿ ಮುಚ್ಚಿದ. ಮರುದಿನ ಮಧ್ಯಾಹ್ನ ತಿರುಗಿಸಿದಾಗ ಮುಳ್ಳು ಮೇಲೆ ಹೋಯಿತು. ಹುಲ್ಲಪ್ಪನಿಗೆ ಫೋನು ಮಾಡಿ, ಹೊಳೆಗೆ ಬಿದ್ದ ಮೋಟರನ್ನು ಬಿಚ್ಚುವುದೇನೂ ಬೇಡ, ಬಂದು ಒಯ್ಯಿರಿ ಎಂದ. ಹೊಳೆಗೆ ಬಿದ್ದದ್ದನ್ನು ಯಾರು ಹೇಳಿದರು ಎಂದು ಹುಲ್ಲಪ್ಪ ಕೇಳಿದ್ದಿರಬೇಕು. ನಾಗಲಿಂಗ, ಒಳಗಿನವರು ಎಂದ.

ಆ ಮೂರೂರಿನಲ್ಲಿ ಒಂದು ಊರು ಇನ್ನೂ ಬಾದಾಮಿಗೇ ಹೋಗುತ್ತದೆ. ಬಳೆ ಡಬ್ಬಿಯಲ್ಲಿ ಈಗ ಮೂರು ಬೀಜ ಉಳಿದಿವೆ, ಎರಡು ಮೋಟರು ನಿಜವಾಗಿ ಸುಟ್ಟು ಬಂದವು, ಸುತ್ತಿ ಕೊಟ್ಟಳು. ಗಂಡ ಹೆಂಡತಿ ಇಬ್ಬರೂ ಒಂದೇ ಹೊತ್ತಿಗೆ ಉಣ್ಣುತ್ತಾರೆ. ಮೊನ್ನೆ ಪಲ್ಯಕ್ಕೆ ಉಪ್ಪು ಹೆಚ್ಚಾಗಿದೆ ಎಂದ ಅವನು. ಅವಳು ತಾಟಿನಿಂದ ತಲೆ ಎತ್ತದೆ, ಮೊಳೆಯ ಕಡೆ ಕೈ ಮಾಡಿ, ಅದಕ್ಕೂ ಮೀಟರು ಹಚ್ಚಿ ನೋಡಿರಿ ಎಂದಳು.